ಒಂದು ಮಗು, ಐದು ದೃಷ್ಟಿ

ತಂಗಿಯ ಪುಸ್ತಕದ ಕೊನೆಯ ಅಧ್ಯಾಯದ ಪ್ರೂಫು ಕೆಳಗಿನ ಪ್ರೆಸ್ಸಿನಿಂದ ಬಂದು ಮೇಜಿನ ಮೇಲೆ ಬಿದ್ದು ಗಂಟೆ ಕಳೆದಿತ್ತು. ಅವನು ಮಾತ್ರ ಇನ್ನೂ ಪೆನ್ಸಿಲು ಚೂಪು ಮಾಡುತ್ತಲೇ ಇದ್ದ. ಇದ್ದದ್ದೇ ಎರಡು ಪೆನ್ಸಿಲು, ಒಂದು ತನ್ನದು, ಒಂದು ತಮ್ಮನದು. ಹೀಗೇ ಹೆರೆಯುತ್ತ ಹೋದರೆ ಸಂಜೆಗೆ ಎರಡೂ ಬೆರಳುದ್ದ ಉಳಿದರೆ ಪುಣ್ಯ. ಎದುರಿಗೆ ಕೂತ ತಮ್ಮ ಏನೂ ಅನ್ನಲಿಲ್ಲ. ಅನ್ನುವುದು ಎಲ್ಲಿಂದ ಬಂತು? ಮೂವತ್ತೊಂದು ವರ್ಷದಿಂದ ಆ ಬಾಯಲ್ಲಿ ಒಂದು ಹೂಂ ಇಲ್ಲ, ಒಂದು ಊಹೂಂ ಇಲ್ಲ. ಮೂವತ್ತೇಳು ವರ್ಷದ ಗಂಡಸು, ಕಿವಿ ಚುರುಕು, ಕಣ್ಣು ಅದಕ್ಕಿಂತ ಚುರುಕು, ಗಂಟಲಲ್ಲಿ ಯಾವ ದೋಷವೂ ಇಲ್ಲವೆಂದು ಮೂರು ಜನ ಡಾಕ್ಟರು ಬರೆದುಕೊಟ್ಟಿದ್ದಾರೆ. ಆದರೂ ಆರನೆಯ ವಯಸ್ಸಿನಲ್ಲಿ, ಅಮ್ಮ ಸತ್ತ ದಿನ ಮುಚ್ಚಿದ ಬಾಯಿ ಮುಚ್ಚಿಯೇ ಇದೆ. ಮನೆಯಲ್ಲಿ ಅವನಿಗೆ ಇವತ್ತಿಗೂ ಪುಟ್ಟ ಅಂತಲೇ ಹೆಸರು.

ಪ್ರೆಸ್ಸಿನ ಮಾಳಿಗೆಯ ಈ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಅಣ್ಣತಮ್ಮಂದಿರ ಕೆಲಸದ ಕ್ರಮ ಒಂದೇ. ಲೇಖಕರು ಬರೆದುಕೊಟ್ಟ ಹಸ್ತಪ್ರತಿಯನ್ನು ಅವನು ಗಟ್ಟಿಯಾಗಿ ಓದಬೇಕು, ಕಾಮಾ ಬಂದರೆ ಕಾಮಾ ಎನ್ನಬೇಕು, ವಾಕ್ಯ ಮುಗಿದರೆ ಫುಲ್‌ಸ್ಟಾಪು ಎನ್ನಬೇಕು. ತಮ್ಮ ಅಚ್ಚಿನ ಪ್ರೂಫಿನ ಮೇಲೆ ಎಡಗೈ ಬೆರಳು ಓಡಿಸುತ್ತ ಜೊತೆಗೆ ಬರಬೇಕು. ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ತಾಳೆಯಾಗದಿದ್ದರೆ ಪೆನ್ಸಿಲಿನ ಹಿಂಬದಿಯಿಂದ ಮೇಜಿಗೆ ಒಂದೇ ಏಟು: ಟಕ್. ಅವನು ನಿಲ್ಲಿಸುತ್ತಾನೆ, ತಮ್ಮ ಅಂಚಿನಲ್ಲಿ ಗುರುತು ಹಾಕುತ್ತಾನೆ, ಮುಂದಕ್ಕೆ ಹೋಗುತ್ತಾರೆ. ಕೆಳಗೆ ಯಂತ್ರದ ಹತ್ತಿರ ದುಡಿಯುವವರೆಲ್ಲ ತಮ್ಮನನ್ನು ಟಕ್ ಮಾಸ್ತರು ಎಂದೇ ಕರೆಯುವುದು. “ಬಾಯಿರೋ ಹತ್ತು ಜನಾನ ಕೊಟ್ರೂ ನಿಮ್ಮ ತಮ್ಮನ್ನ ಬಿಡಲ್ಲ ಸಾರ್,” ಎಂದು ಮ್ಯಾನೇಜರು ತಿಂಗಳಿಗೊಮ್ಮೆಯಾದರೂ ಹೇಳುತ್ತಾನೆ. ಹನ್ನೆರಡು ವರ್ಷದಲ್ಲಿ ಸಾವಿರಾರು ಟಕ್ ಬಿದ್ದಿರಬೇಕು. ಒಂದೂ ಸುಳ್ಳಾದದ್ದಿಲ್ಲ.

ಬೆಳಿಗ್ಗೆ ತಂಗಿ ಫೋನು ಮಾಡಿದ್ದಳು. “ಐದು ಗಂಟೆಗೆ ಕಾಲೇಜು ಮುಗಿಸ್ಕೊಂಡು ಬರ್ತೀನಿ ಅಣ್ಣ. ಕೊನೇ ಅಧ್ಯಾಯದಲ್ಲಿ ಇರೋದು ನಮ್ಮ ಪುಟ್ಟಾನೇ. ಹೆಸರು ಗಿಸರು ಏನೂ ಹಾಕಿಲ್ಲ. ಪಾಠ ಮಾಡಿ ಮಾಡಿ ಸಾಕಾಗಿದೆ, ಹುಡುಗರಿಗೆ ಒಂದೊಂದು ಸಿದ್ಧಾಂತಕ್ಕೆ ಒಂದೊಂದು ಕಥೆ ಹೇಳಿದ್ರೆ ಎಲ್ಲಾ ಕಲಸಿಬಿಡ್ತಾರೆ. ಅದಕ್ಕೇ ಒಂದೇ ಮಗೂನ ಇಟ್ಕೊಂಡು ಐದೂ ಕಡೆಯಿಂದ ನೋಡಿದೀನಿ. ಏನಾದ್ರೂ ತಪ್ಪಿದ್ರೆ ಇವತ್ತೇ ಹೇಳ್ಬಿಡು, ಅಚ್ಚಾದ ಮೇಲೆ ಬ್ರಹ್ಮ ಬಂದ್ರೂ ತಿದ್ದಕ್ಕಾಗಲ್ಲ.” ಅವನು ಹೂಂ ಎಂದಿದ್ದ. ಹಸ್ತಪ್ರತಿ ಕೈಗೆ ಬಂದ ದಿನವೇ ಕದ್ದು ಓದಿ ಮುಗಿಸಿದ್ದ ಎಂದು ಹೇಳಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರೆ. ಈ ಮನೆಯಲ್ಲಿ ಇದ್ದದ್ದು ಏನೆಂದು ಗೊತ್ತಿದ್ದವರು ಇಬ್ಬರೇ: ಒಬ್ಬನಿಗೆ ಮಾತಿಲ್ಲ, ಇನ್ನೊಬ್ಬನಿಗೆ ಧೈರ್ಯವಿಲ್ಲ. ತಂಗಿ ಹನ್ನೊಂದು ವರ್ಷದವಳಿದ್ದಾಗ ಶಾಲೆಯಿಂದ ಬಂದು ನೋಡಿದ್ದು ಸತ್ತ ಅಮ್ಮನನ್ನೂ ಮಾತು ಸತ್ತ ತಮ್ಮನನ್ನೂ. ಅಮ್ಮನಿಗೆ ಏನೂ ಮಾಡುವ ಹಾಗಿರಲಿಲ್ಲ, ತಮ್ಮನಿಗೆ ಏನಾದರೂ ಮಾಡಿಯೇನು ಎಂದು ಹಟ ಹಿಡಿದು ಮನೋವಿಜ್ಞಾನ ಓದಿದಳು, ಡಾಕ್ಟರೇಟು ಮಾಡಿದಳು, ತಲೆಗೂದಲು ಬೆಳ್ಳಗೆ ಮಾಡಿಕೊಂಡಳು. ಅಣ್ಣ ಒಂದು ನಿಮಿಷ ಬಾಯಿ ಬಿಟ್ಟಿದ್ದರೆ ಅವಳು ಇಪ್ಪತ್ತು ವರ್ಷ ಉಳಿಸಬಹುದಿತ್ತು. ಥೂ, ಎಂದುಕೊಂಡು ಪೆನ್ಸಿಲು ಕೆಳಗಿಟ್ಟು, ಹಾಳೆ ಎತ್ತಿಕೊಂಡ.

“ಶುರು ಮಾಡೋಣೇನೋ ಪುಟ್ಟ?” ತಮ್ಮನ ಬೆರಳು ಆಗಲೇ ಮೊದಲ ಸಾಲಿನ ಮೇಲಿತ್ತು.

“ಅಧ್ಯಾಯ ಹನ್ನೊಂದು. ಪ್ಯಾರಾ. ಮನೋವಿಜ್ಞಾನದ ಪ್ರಮುಖ ದೃಷ್ಟಿಕೋನಗಳನ್ನು ಕಾಮಾ ಅವುಗಳ ಸಾಮರ್ಥ್ಯ ಹಾಗೂ ಮಿತಿಗಳನ್ನು ಒಂದೇ ನಿದರ್ಶನದ ಮೂಲಕ ಪರಿಶೀಲಿಸೋಣ ಫುಲ್‌ಸ್ಟಾಪು ಆರು ವರ್ಷದ ಒಂದು ಗಂಡುಮಗು ಫುಲ್‌ಸ್ಟಾಪು ಅದರ ಕಣ್ಣೆದುರಿಗೇ ತಾಯಿ ಅಡುಗೆಮನೆಯಲ್ಲಿ ಕುಸಿದು ಬಿದ್ದು ತಕ್ಷಣವೇ ಕೊನೆಯುಸಿರೆಳೆದಳು ಫುಲ್‌ಸ್ಟಾಪು.”

ಟಕ್.

ಅವನು ನಿಲ್ಲಿಸಿದ. ತಮ್ಮ ಗುರುತು ಹಾಕಲಿಲ್ಲ. ಬೆರಳು ಒಂದು ಪದದ ಕೆಳಗೆ ನಿಂತಿತ್ತು. ಬಗ್ಗಿ ನೋಡಿದ: ತಕ್ಷಣವೇ. ಹಸ್ತಪ್ರತಿಯಲ್ಲೂ ತಕ್ಷಣವೇ, ಅಚ್ಚಿನಲ್ಲೂ ತಕ್ಷಣವೇ. ಒತ್ತು ಸರಿ, ದೀರ್ಘ ಸರಿ. “ಸರಿಯಾಗೇ ಇದೆಯಲ್ಲೋ,” ಎಂದ. ತಮ್ಮ ಅವನ ಮುಖವನ್ನೇ ನೋಡಿ ಬೆರಳನ್ನು ಮುಂದಿನ ಸಾಲಿಗೆ ಇಳಿಸಿದ. ಹನ್ನೆರಡು ವರ್ಷದಲ್ಲಿ ಇದೇ ಮೊದಲ ಸುಳ್ಳು ಟಕ್. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಅವನ ಕೈ ತಾನಾಗಿಯೇ ಮೇಲ್ತುಟಿಗೆ ಹೋಯಿತು. ಅಲ್ಲಿ ಈಗಲೂ ಒಂದು ಸಣ್ಣ ಗಾಯದ ಗುರುತಿದೆ. ಆ ದಿನ ಬಂದ ಡಾಕ್ಟರು, ಬೋಳುತಲೆಯ ಒಳ್ಳೆಯ ಮುದುಕ, ಅಪ್ಪನ ಭುಜ ತಟ್ಟಿ ಹೇಳಿದ್ದು ಅವನಿಗೆ ಬಾಯಿಪಾಠ: “ಬಿದ್ದ ತಕ್ಷಣ ಹೋಗಿರ್ತಾರೆ. ನೋವು ಕೂಡ ಗೊತ್ತಾಗಿರಲ್ಲ. ಯಾರಿದ್ರೂ ಏನೂ ಮಾಡೋ ಹಾಗಿರಲಿಲ್ಲ.” ಹದಿನಾಲ್ಕು ವರ್ಷದ ಹುಡುಗ ಬಾಗಿಲ ಸಂದಿಯಲ್ಲಿ ನಿಂತು ಆ ಮೂರು ಮಾತನ್ನು ಬಾಚಿಕೊಂಡಿದ್ದ. ಆಮೇಲಿನ ಬದುಕನ್ನೆಲ್ಲ ಅವುಗಳ ಮೇಲೆಯೇ ನಿಲ್ಲಿಸಿಕೊಂಡು ಬಂದಿದ್ದ. ತಂಗಿ ತನ್ನ ಪುಸ್ತಕದಲ್ಲಿ ಬರೆದದ್ದೂ ಅದೇ ಡಾಕ್ಟರ ಮಾತು.

ಓದಿದ. ಜೈವಿಕ ದೃಷ್ಟಿಕೋನ, ಮಿದುಳು, ನರ, ಧ್ವನಿತಂತು. ಇದರ ಸಾಮರ್ಥ್ಯ ಏನೆಂದರೆ ಅಳೆದು ತೋರಿಸಬಹುದು, ರೋಗವಿದ್ದರೆ ಔಷಧಿ ಕೊಡಬಹುದು. ಮಿತಿ ಏನೆಂದರೆ ಯಂತ್ರ ಸರಿಯಿದೆ ಎಂದು ಹೇಳೀತೇ ಹೊರತು ಯಾಕೆ ಓಡುತ್ತಿಲ್ಲ ಎಂದು ಹೇಳಲಾರದು. ತಂಗಿಯ ಬರವಣಿಗೆ ಚೆನ್ನಾಗಿತ್ತು, ಮುಲಾಜಿಲ್ಲದೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುವ ಬರವಣಿಗೆ. ಮಾತು ನಿಂತ ಮೇಲೆ ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಡಾಕ್ಟರು ನಾಲಿಗೆಯನ್ನು ಚಪ್ಪಟೆ ಕಡ್ಡಿಯಿಂದ ಒತ್ತಿ ಟಾರ್ಚು ಬಿಟ್ಟಾಗ ಪುಟ್ಟ ಓಕರಿಸಿದ. “ಯಾರಾದ್ರೂ ಕೈ ಹಿಡ್ಕೊಳ್ಳಿ,” ಎಂದರು. ಅಪ್ಪನಿಗೆ ಆಗಲಿಲ್ಲ, ಅವನೇ ಹಿಡಿದುಕೊಂಡ. ಆ ಸಣ್ಣ ಮಣಿಕಟ್ಟುಗಳನ್ನು ಹಿಂದಿನಿಂದ ಹಿಡಿದಾಗ ಮಗು ಕತ್ತು ಹೊರಳಿಸಿ ಅವನನ್ನೇ ನೋಡಿತು. ಹೇಳಲಾ ಬೇಡವಾ ಎಂದು ಕೇಳುವ ನೋಟ. ಅವನು ಬೆರಳಿನ ಬಿಗಿ ಹೆಚ್ಚಿಸಿದ. ಡಾಕ್ಟರು ಟಾರ್ಚು ಆರಿಸಿ, “ಏನೂ ಇಲ್ಲ, ನಾರ್ಮಲ್,” ಎಂದಾಗ ಅಪ್ಪ ಅತ್ತರು, ಅವನಿಗೆ ಸಮಾಧಾನವಾಯಿತು.

ಪುಟ ತಿರುಗಿತು. ವರ್ತನಾವಾದಕ್ಕೆ ತಂಗಿ ಎರಡು ಪುಟ ಕೊಟ್ಟಿದ್ದಳು: ಮನಸ್ಸು ಗಿನಸ್ಸು ಎಂದು ಕತ್ತಲಲ್ಲಿ ತಡಕಾಡುವುದಿಲ್ಲ ಕಾಮಾ ಕಣ್ಣಿಗೆ ಕಾಣುವ ನಡವಳಿಕೆಯನ್ನಷ್ಟೇ ಹಿಡಿಯುತ್ತದೆ ಕಾಮಾ ಬಹುಮಾನ ಮತ್ತು ಶಿಕ್ಷೆಗಳಿಂದ ಅದನ್ನು ಬದಲಿಸಬಹುದೆಂದು ಪ್ರಯೋಗದಿಂದ ತೋರಿಸುತ್ತದೆ. ಹೌದು, ತೋರಿಸಿತ್ತು. ಎರಡನೆಯ ಡಾಕ್ಟರು ಗೋಡೆಗೆ ಒಂದು ಪಟ್ಟಿ ಅಂಟಿಸಿಕೊಟ್ಟಿದ್ದರು, ಒಂದು ಶಬ್ದಕ್ಕೆ ಒಂದು ನಕ್ಷತ್ರ. ಎರಡು ತಿಂಗಳು ಪಟ್ಟಿ ಖಾಲಿ ಇತ್ತು. ಆಮೇಲೆ ನೀರು. ಬಾಯಿಬಿಟ್ಟು ಕೇಳುವ ತನಕ ಕೊಡಬೇಡಿ ಎಂದರು, ಕಾವಲಿಗೆ ಕೂತವನು ಅವನೇ. ಲೋಟ ಕೈಯಲ್ಲಿ ಹಿಡಿದುಕೊಂಡು, “ನೀರು ಅನ್ನೋ ಪುಟ್ಟ, ಕೊಡ್ತೀನಿ. ಒಂದೇ ಒಂದು ಸಲ ಅನ್ನು,” ಎಂದು ಅಪ್ಪನಿಗೆ ಕೇಳುವ ಹಾಗೆ ಹೇಳುತ್ತಿದ್ದ, ಅನ್ನಬೇಡ, ಅನ್ನಬೇಡ ಎಂದು ಒಳಗೊಳಗೇ ಹಾರೈಸುತ್ತಿದ್ದ. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಮಗು ಒಣಗಿದ ತುಟಿ ನೆಕ್ಕಿಕೊಳ್ಳುತ್ತ ಅವನ ಎದುರಿಗೆ ಕೂತಿತ್ತು. ಆ ಪ್ರಯೋಗದಲ್ಲಿ ಡಾಕ್ಟರಿಗೆ ತಿಳಿಯದ ಒಂದು ಶಿಕ್ಷೆ ಮೊದಲೇ ಜಾರಿಯಲ್ಲಿತ್ತು. ಕೊನೆಗೆ ಅಪ್ಪ ಬಂದು ಲೋಟ ಕಸಿದುಕೊಂಡು, “ಏನು ಕಟುಕರಪ್ಪ ನಾವು,” ಎಂದು ಮಗುವಿಗೆ ಕುಡಿಸಿದರು. ನಾವು ಎಂದರು, ಪಾಪ.

“ಗಂಟಲು ಒಣಗ್ತಿದೆ, ತಡಿ,” ಎಂದು ಓದುವುದನ್ನು ನಿಲ್ಲಿಸಿದ. ತಮ್ಮ ಎದ್ದು ಹೂಜಿಯಿಂದ ನೀರು ಬಗ್ಗಿಸಿ ತಂದು ಅವನ ಕೈಗೆ ಕೊಟ್ಟ. ಕುಡಿಯಲು ಅವನಿಗೆ ಕಷ್ಟವಾಯಿತು. ಗೋಡೆಯ ಗಡಿಯಾರದಲ್ಲಿ ಮೂರೂವರೆ.

ಮನೋವಿಶ್ಲೇಷಣೆ ಬಂತು. ತಂಗಿ ಇಲ್ಲಿ ಹಳೆಯ ಒಂದು ಸಂಗತಿ ಹಾಕಿದ್ದಾಳೆಂದು ಅವನಿಗೆ ಗೊತ್ತಿತ್ತು, ಆದ್ದರಿಂದ ಓಡಿಸಿಕೊಂಡು ಓದಿದ. “ಏಳನೆಯ ವಯಸ್ಸಿನಲ್ಲಿ ಮಗುವಿನ ಕೈಗೆ ಕಾಗದ ಕೊಟ್ಟು ಕಾಮಾ ಆ ದಿನ ಏನಾಯಿತೆಂದು ಬರೆಯಲು ಹೇಳಲಾಯಿತು ಫುಲ್‌ಸ್ಟಾಪು ಮಗು ಎರಡೇ ಪದ ಬರೆಯಿತು ಫುಲ್‌ಸ್ಟಾಪು ಅಣ್ಣನ್ನ ಕೇಳಿ ಫುಲ್‌ಸ್ಟಾಪು ಈ ದೃಷ್ಟಿಕೋನದ ಪ್ರಕಾರ ಮಗು ಇಲ್ಲಿ ಅಣ್ಣನಿಗೆ ತಂದೆಯ ಸ್ಥಾನವನ್ನು ನೀಡಿದೆ ಕಾಮಾ ತಾಯಿಯನ್ನು ಕುರಿತ ಅಸಹನೀಯ ನೆನಪನ್ನು ಅಪ್ರಜ್ಞೆಗೆ ತಳ್ಳಿ ಕಾಮಾ ಅದರ ಬೀಗದ ಕೈಯನ್ನು ಅಣ್ಣನಿಗೆ ಒಪ್ಪಿಸಿದೆ.” ಅಯ್ಯೋ, ಎಂಥ ಪಾಂಡಿತ್ಯ! ಮಗು ನೇರ ಕನ್ನಡದಲ್ಲಿ ವಿಳಾಸ ಬರೆದುಕೊಟ್ಟಿತ್ತು. ಮೂರನೆಯ ಡಾಕ್ಟರು ಆ ಚೀಟಿ ಓದಿ ಮನೆಯವರಿಗೆಲ್ಲ ತೋರಿಸಿದರು. ಅಪ್ಪ ಕಣ್ಣೊರೆಸಿಕೊಂಡು, “ಅಣ್ಣ ಅಂದ್ರೆ ಪ್ರಾಣ ಅದಕ್ಕೆ,” ಎಂದರು. ಡಾಕ್ಟರು ಶಾಸ್ತ್ರಕ್ಕೆಂಬಂತೆ ಅವನ ಕಡೆ ತಿರುಗಿ ಕೇಳಿಯೂ ಕೇಳಿದರು. “ನಂಗೇನ್ ಗೊತ್ತು ಸಾರ್, ನಾನು ಓದ್ಕೊಳ್ತಿದ್ದೆ,” ಎಂದ. ಮಗು ಅಲ್ಲೇ ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತ ಕೂತಿತ್ತು. ಆ ಮಾತು ಕೇಳಿದ ಮೇಲೆ ಕಾಲು ನಿಂತಿತು. ಆಮೇಲೆ ಪುಟ್ಟ ಬರೆದದ್ದೆಲ್ಲ ಉಪ್ಪು ಕಮ್ಮಿ, ಚಪ್ಪಲಿ ಕಿತ್ತಿದೆ, ಬಸ್ಸು ತಡ, ಇಷ್ಟೇ. ಬರೆಯಬಲ್ಲವನು, ಬರೆಯಲಿಲ್ಲ. ಆದರೂ ಯಾವತ್ತಾದರೂ ಬರೆದಾನು ಎಂಬ ಹೆದರಿಕೆಯಲ್ಲಿ ಅಣ್ಣ ಆ ಪೆನ್ಸಿಲಿನ ಎದುರೇ ಬದುಕು ಕಳೆದ. ಈ ದೃಷ್ಟಿಕೋನದ ಮಿತಿ ಕಾಮಾ ಎಂದು ಓದಿದ, ಇದರ ವ್ಯಾಖ್ಯಾನಗಳನ್ನು ನಿಜವೆಂದೂ ಸುಳ್ಳೆಂದೂ ಸಾಬೀತು ಮಾಡಲಾಗುವುದಿಲ್ಲ.

ಬೆರಳು ಸುಮ್ಮನೆ ಸಾಗುತ್ತಿತ್ತು. ಮಾನವತಾವಾದದ ಪುಟಗಳನ್ನು ಅವನು ಹೇಗೆ ಓದಿದನೋ ಅವನಿಗೇ ಗೊತ್ತಾಗಲಿಲ್ಲ. ಯಾವ ಷರತ್ತೂ ಇಲ್ಲದ ಪ್ರೀತಿ ಸಿಕ್ಕರೆ ಮನುಷ್ಯ ತಾನಾಗಿಯೇ ಅರಳುತ್ತಾನೆ, ರೋಗಿಯನ್ನು ರೋಗಿಯೆನ್ನದೆ ಮನುಷ್ಯನೆಂದು ನೋಡುವುದು ಇದರ ದೊಡ್ಡ ಗುಣ, ಅಳತೆಗೆ ಸಿಗದೆ ಜಾರುವುದು ದೋಷ, ಇತ್ಯಾದಿ. ನಿದರ್ಶನದ ಮಗುವಿಗೆ ಅಂಥ ಪ್ರೀತಿ ದೊರೆತದ್ದು ಅಣ್ಣನಿಂದ ಎಂದು ತಂಗಿ ಬರೆದಿದ್ದಳು. ಮದುವೆಯನ್ನೂ ಮಾಡಿಕೊಳ್ಳದೆ ತಮ್ಮನನ್ನು ಸಾಕಿದ, ತನ್ನ ಕೆಲಸದಲ್ಲೇ ಅವನಿಗೂ ಜಾಗ ಮಾಡಿಕೊಟ್ಟ, ಇಂದು ಆ ಮಗು ಸ್ವಂತ ಕಾಲ ಮೇಲೆ ನಿಂತಿದೆ. ಇಂಥ ಅಣ್ಣ ಸಿಗಬೇಕಾದರೆ ಏಳು ಜನ್ಮದ ಪುಣ್ಯ ಬೇಕು ಎಂದು ಬೀದಿಯವರೆಲ್ಲ ಹೇಳುತ್ತಾರೆ. ಪುಣ್ಯವಂತೆ! ಕಳ್ಳನಿಗೆ ಸಾಕ್ಷಿಯನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕಾಗಿತ್ತು, ಇಟ್ಟುಕೊಂಡ. ಹಾಗೆಂದು ಅದರಲ್ಲಿ ಪ್ರೀತಿಯೇ ಇರಲಿಲ್ಲವೆ? ಪುಟ್ಟನಿಗೆ ಜ್ವರ ಬಂದಾಗ ಹಣೆಯ ಮೇಲಿಟ್ಟ ಕೈ ಕಾವಲುಗಾರನದೋ ಅಣ್ಣನದೋ? ಇದನ್ನು ಯಾವ ದೃಷ್ಟಿಕೋನದವರೂ ಹೇಳಲಾರರು, ಅವನೂ ಹೇಳಲಾರ. ಅದೇ ಅವನಿಗೆ ಎಲ್ಲಕ್ಕಿಂತ ನಾಚಿಕೆಯ ವಿಷಯವಾಗಿತ್ತು.

ನಾಲ್ಕೂ ಮುಕ್ಕಾಲು. ಉಳಿದದ್ದು ಜ್ಞಾನಾತ್ಮಕ ದೃಷ್ಟಿಕೋನದ ಒಂದೂವರೆ ಪುಟ. “ಮಗುವಿನ ಮೌನಕ್ಕೆ ಕಾರಣ ಒಂದು ನಂಬಿಕೆ ಫುಲ್‌ಸ್ಟಾಪು ನಾನು ಮಾತಾಡಿದರೆ ಕೆಟ್ಟದ್ದಾಗುತ್ತದೆ ಎಂಬ ನಂಬಿಕೆ ಫುಲ್‌ಸ್ಟಾಪು ಅನಿಸಿಕೆಗಳು ನಡವಳಿಕೆಯನ್ನು ಹೇಗೆ ಆಳುತ್ತವೆ ಎಂದು ತೋರಿಸುವುದು ಈ ದೃಷ್ಟಿಕೋನದ ಸಾಮರ್ಥ್ಯ ಫುಲ್‌ಸ್ಟಾಪು ಮಿತಿಯೆಂದರೆ ಕಾಮಾ ಇದು ತಪ್ಪು ನಂಬಿಕೆಯನ್ನು ತಿದ್ದಲು ಹೊರಡುತ್ತದೆಯೇ ಹೊರತು ಕಾಮಾ ಆ ನಂಬಿಕೆಯನ್ನು ಮಗುವಿನ ತಲೆಗೆ ಹಾಕಿದವರು ಯಾರು ಎಂದು ಕೇಳುವುದಿಲ್ಲ ಫುಲ್‌ಸ್ಟಾಪು.”

ಇಲ್ಲಿಗೆ ಬಂದು ನಿಂತುಬಿಟ್ಟ. ಕದ್ದು ಓದಿದ ದಿನವೂ ಇಲ್ಲೇ ನಿಂತಿದ್ದ. ಈ ವಾಕ್ಯದಲ್ಲಿ ತಂಗಿ ನಿಜದ ಬಾಗಿಲ ತನಕ ಬಂದು, ಚಿಲಕದ ಮೇಲೆ ಕೈಯಿಟ್ಟು, ತಟ್ಟದೆ ಹಿಂದಕ್ಕೆ ಹೋಗಿದ್ದಳು. ನಾಳೆ ಇದು ಸಾವಿರಾರು ಪ್ರತಿಯಾಗಿ ಹೋಗುತ್ತದೆ. ಹುಡುಗರು ಬಾಯಿಪಾಠ ಮಾಡುತ್ತಾರೆ, ಸರಿಯುತ್ತರ ಎಂದು ಮಾಸ್ತರು ಅಂಕ ಹಾಕುತ್ತಾರೆ, ಅವನ ಸುಳ್ಳು ಪಠ್ಯಪುಸ್ತಕವಾಗುತ್ತದೆ. ಇಷ್ಟು ವರ್ಷ ಅದು ಒಂದೇ ಮನೆಯೊಳಗಿತ್ತು. ಬಿಸಿತುಪ್ಪ ನುಂಗುವುದಕ್ಕೂ ಆಗದೆ ಉಗುಳುವುದಕ್ಕೂ ಆಗದೆ ಹಾಳೆಯನ್ನೇ ದಿಟ್ಟಿಸಿದ. ತಮ್ಮನ ಬೆರಳು ಮುಂದಿನ ಸಾಲಿನ ಮೊದಲ ಅಕ್ಷರದ ಕೆಳಗೆ ಕಾದಿತ್ತು. ಆ ಬೆರಳಿನ ತಾಳ್ಮೆ ನೋಡಿ ಅವನಿಗೆ ತಡೆಯಲಾಗಲಿಲ್ಲ. ಮಾತಾಗಿ ಹೇಳಲು ನಾಲಿಗೆ ಬರದವನು ಓದುವ ದನಿಯಲ್ಲಿ, ಹಾಳೆಯಲ್ಲಿ ಇಲ್ಲದ್ದನ್ನು ಓದತೊಡಗಿದ.

“ಆ ದಿನ ಅಣ್ಣನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು.”

ಟಕ್.

“ಅಪ್ಪನ ರೇಜರಿನಿಂದ.” ಟಕ್. “ಕದ್ದು ಮೀಸೆ ಬೋಳಿಸಿಕೊಳ್ಳುತ್ತಿದ್ದನು ಫುಲ್‌ಸ್ಟಾಪು.” ಟಕ್. ಅಚ್ಚಿನಲ್ಲಿ ಇಲ್ಲದ ಮಾತಿಗೆ ತಮ್ಮ ಅಭ್ಯಾಸಬಲದಿಂದ ಬಡಿಯುತ್ತಲೇ ಇದ್ದ. ಅವನು ನಿಲ್ಲಿಸಲಿಲ್ಲ. “ಮೇಲ್ತುಟಿ ಕುಯ್ದುಕೊಂಡು ಕಾಮಾ ರಕ್ತ ನಿಲ್ಲದೆ ಕಾಮಾ ಅವನು ಹೆದರಿದ್ದನು ಫುಲ್‌ಸ್ಟಾಪು ಆಗ ಮಗು ಬಂದು ಬಾಗಿಲು ತಟ್ಟಿತು ಫುಲ್‌ಸ್ಟಾಪು.” ಈ ಸಲ ಟಕ್ ಬೀಳಲಿಲ್ಲ. ತಲೆಯೆತ್ತಲು ಧೈರ್ಯವಾಗಲಿಲ್ಲ. “ಅಣ್ಣಾ ಕಾಮಾ ಅಮ್ಮ ಎಂದಿತು ಫುಲ್‌ಸ್ಟಾಪು ಮೂರು ಸಲ ತಟ್ಟಿತು ಫುಲ್‌ಸ್ಟಾಪು ಅಣ್ಣನು ಒಳಗಿನಿಂದಲೇ ಕಾಮಾ ಬಾಯಿ ಮುಚ್ಚಿಕೊಂಡು ಹೋಗಿ ಕೂತುಕೋ ಕಾಮಾ ನಾನು ಹೇಳುವ ತನಕ ತುಟಿ ಬಿಚ್ಚಿದರೆ ಚರ್ಮ ಸುಲಿಯುತ್ತೇನೆ ಎಂದನು ಫುಲ್‌ಸ್ಟಾಪು ಮುಕ್ಕಾಲು ಗಂಟೆಯ ಮೇಲೆ ಹೊರಗೆ ಬಂದಾಗ ಕಾಮಾ ಮಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿತ್ತು ಫುಲ್‌ಸ್ಟಾಪು ಯಾರಿಗೂ ಹೇಳಬೇಡ ಎಂದನು ಫುಲ್‌ಸ್ಟಾಪು ಈಗ ಹೇಳು ಎಂದು ಆಮೇಲೆ ಯಾವತ್ತೂ ಹೇಳಲಿಲ್ಲ ಫುಲ್‌ಸ್ಟಾಪು.” ಕೆಳಗೆ ಯಂತ್ರ ನಿಂತಿತ್ತೋ, ಅವನಿಗೇ ಕೇಳಿಸುತ್ತಿರಲಿಲ್ಲವೋ. ಹೇಳಿಬಿಟ್ಟೆ, ಎಂದುಕೊಂಡ. ಇಷ್ಟೇನಾ? ಮೈ ಹಗುರವಾದಂತಾಯಿತು. ಹಗುರವಾದ ಹುಮ್ಮಸ್ಸಿನಲ್ಲಿ, ತನ್ನ ಊರುಗೋಲಾಗಿದ್ದ ಡಾಕ್ಟರ ಮಾತನ್ನೂ ಸೇರಿಸಿಯೇ ಮುಗಿಸಿಬಿಡೋಣವೆಂದು, ಇನ್ನೊಂದು ವಾಕ್ಯ ಓದಿದ. “ಆದರೆ ಮಗು ಬಾಗಿಲು ತಟ್ಟುವ ಹೊತ್ತಿಗೆ ತಾಯಿ ಆಗಲೇ ತೀರಿಕೊಂಡಿದ್ದಳು ಫುಲ್‌ಸ್ಟಾಪು.”

ಟಕ್.

ಅವನು ತಲೆಯೆತ್ತಿದ. ತಮ್ಮನ ಬೆರಳು ಪ್ರೂಫಿನ ಮೇಲೆ ಇರಲಿಲ್ಲ. ಪೆನ್ಸಿಲು ಮಾತ್ರ ಮೇಜಿನ ಮೇಲೆ ನೆಟ್ಟಗೆ ನಿಂತಿತ್ತು. “ಡಾಕ್ಟರು ಹೇಳಿದ್ರಲ್ಲೋ,” ಎಂದ, ಓದುವ ದನಿ ಬಿಟ್ಟು. “ಬಿದ್ದ ತಕ್ಷಣ...” ಟಕ್. ಒಂದೇ ಏಟು, ಹೆಚ್ಚು ಬಿರುಸಿಲ್ಲ, ಕಡಿಮೆಯೂ ಇಲ್ಲ. ಮೊದಲ ಪುಟದ ತಕ್ಷಣವೇ ಎಂಬ ಪದದ ಕೆಳಗೆ ನಿಂತಿದ್ದ ಬೆರಳು ಅವನಿಗೆ ಈಗ ಅರ್ಥವಾಯಿತು. ಆ ಟಕ್ ಸುಳ್ಳಾಗಿರಲಿಲ್ಲ. ತಪ್ಪು ಸಿಕ್ಕಿದ ಮೇಲೆ ತಿದ್ದಿ ಓದಬೇಕು, ಅದು ಈ ಕೋಣೆಯ ಕ್ರಮ. ತಿದ್ದಿ ಓದಿದ. “ತಾಯಿ ಇನ್ನೂ ಉಸಿರಾಡುತ್ತಿದ್ದಳು.” ಟಕ್ ಇಲ್ಲ. ಸ್ವಲ್ಪ ಕಾದ. “ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ.” ಟಕ್. “ತಾಯಿ ಕರೆದಳು.” ಟಕ್ ಇಲ್ಲ. “ಮಗುವನ್ನು ಕರೆದಳು.” ಟಕ್. ಅವನಿಗೆ ಸಾಕೆನಿಸಿತು, ಎದ್ದು ಹೋಗಬೇಕೆನಿಸಿತು, ಆದರೆ ತಮ್ಮ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಹೇಳುತ್ತಿದ್ದಾನೆ, ಎದ್ದು ಹೋಗುವುದು ಹೇಗೆ? “ಅಣ್ಣನನ್ನು ಕರೆದಳು,” ಎಂದ. ಕಾದ. ಗೋಡೆಯ ಗಡಿಯಾರ ಒಂದೇ ಸದ್ದು ಮಾಡುತ್ತಿತ್ತು. ಪೆನ್ಸಿಲು ಕದಲಲಿಲ್ಲ. “ತುಂಬ ಹೊತ್ತು ಕರೆದಳು.” ಪೆನ್ಸಿಲು ಕದಲಲಿಲ್ಲ. ತಮ್ಮನ ಕಣ್ಣಲ್ಲಿ ಸಿಟ್ಟಿರಲಿಲ್ಲ, ನೀರೂ ಇರಲಿಲ್ಲ. ತಾಳೆಯಾದ ವಾಕ್ಯವನ್ನು ದಾಟುವಾಗ ಹೇಗಿರುತ್ತದೋ ಹಾಗಿತ್ತು ಮುಖ. ಸತ್ತೆ ಕಣೋ, ಎಂದುಕೊಂಡ. ಅವಳು ಕರೆಯುತ್ತಿದ್ದಾಗ ಆ ಮಗು ಬಾಯಿ ಮುಚ್ಚಿಕೊಂಡು ಕೂತು ಕೇಳಿಸಿಕೊಂಡಿತ್ತು. ತಾನು ನಲ್ಲಿ ಬಿಟ್ಟುಕೊಂಡು ತುಟಿ ತೊಳೆಯುತ್ತಿದ್ದ. ಕೆಂಪು ನೀರು ಕಿಂಡಿಯೊಳಗೆ ಸುತ್ತಿ ಸುತ್ತಿ ಇಳಿದದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. “ಅಂತೂ ಮುಗಿಸಿದ್ರಾ ಇಬ್ರೂ?” ಎನ್ನುತ್ತಲೇ ತಂಗಿ ಒಳಗೆ ಬಂದಳು. ತೋಳಿನ ಮೇಲೆ ಸೀಮೆಸುಣ್ಣದ ಪುಡಿ, ಮುಖದಲ್ಲಿ ದಣಿವು, ಜೊತೆಗೆ ಅವಳಲ್ಲಿ ಅಪರೂಪಕ್ಕೆ ಕಾಣುವ ಸಂತೋಷ. ಬ್ಯಾಗು ಕುರ್ಚಿಗೆ ನೇತುಹಾಕಿ ತಮ್ಮನ ತಲೆ ನೇವರಿಸಿದಳು. “ಹೇಗಿದೆಯೋ ನಿನ್ನ ಕಥೆ? ಕುರುಡರು ಆನೆ ಮುಟ್ಟಿದ ಹಾಗೆ ಮುಟ್ಟಿದೀವಪ್ಪ ಎಲ್ಲಾರೂ, ಬೇಜಾರಾಗ್ಬೇಡ. ತಪ್ಪೇನಾದ್ರೂ ಸಿಕ್ತಾ?”

ತಮ್ಮ ಪೆನ್ಸಿಲಿನ ಮೊನೆಯನ್ನು ಅಣ್ಣನ ಕಡೆ ತಿರುಗಿಸಿದ.

ತಂಗಿ ನಕ್ಕುಬಿಟ್ಟಳು. “ಇವತ್ತಿಗೂ ಅದೇನಾ! ಅಣ್ಣನ್ನೇ ಕೇಳ್ಬೇಕಾ? ಸರಿ, ಹೇಳಣ್ಣ. ತಿದ್ದೋದು ಏನಾದ್ರೂ ಇದ್ಯಾ?”

ಈಗ ತಾನೇ ಓದಿದ ವಾಕ್ಯಗಳೆಲ್ಲ ಕಾಮಾ ಫುಲ್‌ಸ್ಟಾಪು ಸಮೇತ ಅವನ ನಾಲಿಗೆಯ ತುದಿಯಲ್ಲಿದ್ದವು. ತಂಗಿಯ ಮುಖ ನೋಡಿದ. ಬೆಳ್ಳಗಾದ ಕೂದಲು ನೋಡಿದ. ಇನ್ನೊಂದು ದಿನ, ಎಂದು ಅವನೊಳಗಿನ ಹದಿನಾಲ್ಕರ ಹುಡುಗ ಬಾಗಿಲ ಚಿಲಕ ಹಿಡಿದುಕೊಂಡೇ ಅಂದ.

“ಏನೂ ಇಲ್ಲ ಕಣೇ,” ಎಂದ. “ಎಲ್ಲಾ ಸರಿಯಾಗಿದೆ. ಅಚ್ಚಿಗೆ ಕೊಡಬಹುದು.”

ಟಕ್.

“ಎಲ್ಲೋ ಪುಟ್ಟ? ಯಾವ ಸಾಲು?” ಎನ್ನುತ್ತಾ ತಂಗಿ ಕನ್ನಡಕ ಹಾ‌ಕಿಕೊಂಡು ಪ್ರೂಫಿನ ಮೇಲೆ ಬಗ್ಗಿದಳು.